ಹಗ್ಗ ತಿಂದ ಕಲ್ಲು

ನಮ್ಮ ಮನೆ ಮಂಗಳೂರಿನ ಬೋಳಾರದಲ್ಲಿ. ಹಿತ್ತಲಿನ ಗೇಟು ತೆಗೆದು ನಾಲ್ಕು ಹೆಜ್ಜೆ ಇಟ್ಟರೆ ನೇತ್ರಾವತಿ. ನಾನು ಚಿಕ್ಕವಳಿದ್ದಾಗ ಆ ದಡದ ಉದ್ದಕ್ಕೂ ಹಂಚಿನ ಕಾರ್ಖಾನೆಗಳ ಹೊಗೆಗೊಳವೆಗಳು ಕಾಣುತ್ತಿದ್ದವು. ಮೇಲಿನ ಊರುಗಳಿಂದ ಜೇಡಿಮಣ್ಣು ಹೊತ್ತ ದೋಣಿಗಳು ಇಳಿದು ಬರುತ್ತಿದ್ದವು. ಸುಟ್ಟ ಹಂಚು ಬಂದರಿನ ಕಡೆ ಹೋಗುತ್ತಿತ್ತು. ನನ್ನ ಅಜ್ಜ ಅಂಥ ಒಂದು ದೋಣಿಯಲ್ಲಿ ಗಳ ಹಾಕುತ್ತಿದ್ದವರು. ಅವರ ಅಂಗೈ ಮುಟ್ಟಿದರೆ ಹಲಸಿನಕಾಯಿ ಮುಟ್ಟಿದ ಹಾಗೆ. ಈಗ ದೋಣಿಯೂ ಇಲ್ಲ, ಹೆಚ್ಚಿನ ಕಾರ್ಖಾನೆಗಳೂ ಇಲ್ಲ. ಹೇಳಿದರೆ ಮೊಮ್ಮಕ್ಕಳು ಕಥೆ ಅಂದುಕೊಳ್ಳುತ್ತಾರೆ.

ಮಗಳು ಅಮೆರಿಕದ ಮೇರಿಲ್ಯಾಂಡಿನಲ್ಲಿದ್ದಾಳೆ. ಹೋದ ಸೆಪ್ಟೆಂಬರಿನಲ್ಲಿ ನಾವಿಬ್ಬರು ಅಲ್ಲಿಗೆ ಹೋದಾಗ ಅವಳೇ ಕೇಳಿದಳು. "ಅಮ್ಮ, ಇಲ್ಲಿ ಹತ್ತಿರದಲ್ಲೇ ಒಂದು ಹಳೇ ಕಾಲುವೆ ಉಂಟು. ಹೇಸರಗತ್ತೆ ಕಟ್ಟಿ ದೋಣಿ ಎಳೆಯುತ್ತಿದ್ದರಂತೆ. ನೂರು ವರ್ಷ ಆಯ್ತು ಮುಚ್ಚಿ. ಈಗ ಪಾರ್ಕು. ನೋಡುವುದಾ?"

ನಾನು ಹೂಂ ಅನ್ನುವ ಮೊದಲೇ ನಮ್ಮವರು ಬಾಯಿ ಹಾಕಿದರು. "ಮುಚ್ಚಿದ ಕಾಲುವೆ ನೋಡಲಿಕ್ಕೆ ಇಷ್ಟು ದೂರ ಬರಬೇಕಿತ್ತಾ ಮಾರಾಯ್ತಿ? ನಮ್ಮಲ್ಲಿ ತೋಡುಗಳಿಗೆ ಬರವಾ?" ಅವರು ಮೂವತ್ತೈದು ವರ್ಷ ಬ್ಯಾಂಕಿನಲ್ಲಿದ್ದವರು, ಹೆಚ್ಚಿನ ಕಾಲ ಸಾಲದ ವಿಭಾಗದಲ್ಲಿ. ಲಾಭ ಇಲ್ಲದ ವಸ್ತು ಕಂಡರೆ ಅವರಿಗೆ ತುರಿಕೆ ಶುರುವಾಗುತ್ತದೆ.

ಮೊದಲ ದಿನ: ಜಾರ್ಜ್‌ಟೌನ್

ಕಾಲುವೆಯ ಪೂರ್ತಿ ಹೆಸರು ಚೆಸಪೀಕ್ ಆ್ಯಂಡ್ ಒಹಾಯೊ. ವಾಷಿಂಗ್ಟನ್ ನಗರದ ಜಾರ್ಜ್‌ಟೌನಿನಿಂದ ಪೊಟೋಮ್ಯಾಕ್ ನದಿಯ ಪಕ್ಕದಲ್ಲೇ ಸಾಗಿ ಕಂಬರ್ಲೆಂಡ್ ಎಂಬ ಗುಡ್ಡದ ಊರಿನ ತನಕ ಹೋಗುತ್ತದೆ. 184.5 ಮೈಲಿ, ಹತ್ತಿರ ಹತ್ತಿರ 297 ಕಿಲೋಮೀಟರ್. ಮಂಗಳೂರಿಂದ ಹೊರಟರೆ ಕಾರವಾರ ದಾಟಿ ಗೋವಾ ಹೊಕ್ಕಷ್ಟು ದೂರ. ಹೆಚ್ಚಿನದ್ದೆಲ್ಲ ಕೈಯಿಂದ ಅಗೆದದ್ದು.

ಸೊನ್ನೆ ಮೈಲಿಯ ಗುರುತು ಹುಡುಕುವುದೇ ಒಂದು ಕೆಲಸ. ಒಂದು ದೋಣಿಮನೆಯ ಹಿಂದೆ, ಸಣ್ಣ ತೋಡೊಂದು ನದಿಗೆ ಸೇರುವ ಜಾಗದಲ್ಲಿ ಅದು ತನ್ನ ಪಾಡಿಗೆ ನಿಂತಿದೆ. ಅಲ್ಲಿಂದ ಮೇಲೆ ಬಂದರೆ ಪೇಟೆಯ ನಡುವೆಯೇ ಕಾಲುವೆ. ಎರಡೂ ಬದಿ ಇಟ್ಟಿಗೆಯ ಹಳೇ ಕಟ್ಟಡಗಳು, ಪಕ್ಕದಲ್ಲಿ ಒಂದು ನಡೆದಾರಿ. ಅದನ್ನು ಟೋಪಾತ್ ಅನ್ನುತ್ತಾರೆ, ಎಳೆಯುವ ದಾರಿ ಅಂತ. ಹೇಸರಗತ್ತೆಗಳು ಈ ದಾರಿಯಲ್ಲಿ ನಡೆಯುತ್ತಿದ್ದವು. ಅವುಗಳಿಂದ ಉದ್ದದ ಹಗ್ಗ, ಹಗ್ಗದ ತುದಿಗೆ ದೋಣಿ. ಗಾಳಿ ಬೇಡ, ಹುಟ್ಟು ಬೇಡ, ಗಳ ಬೇಡ. ಅಜ್ಜ ಇದನ್ನು ನೋಡಿದ್ದರೆ ನಗುತ್ತಿದ್ದರೋ, ಹೊಟ್ಟೆಕಿಚ್ಚು ಪಡುತ್ತಿದ್ದರೋ!

ದಾರಿ ಬದಿಯಲ್ಲಿ ಒಬ್ಬರ ಎದೆಮಟ್ಟದ ಪ್ರತಿಮೆ ಉಂಟು. ವಿಲಿಯಂ ಡಗ್ಲಸ್, ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ. "ಕಾಲುವೆಗೂ ಜಡ್ಜಿಗೂ ಎಂತ ಸಂಬಂಧ? ಕೇಸು ಬಿದ್ದಿತ್ತಾ?" ಅಂತ ಇವರು ಕೇಳಿದರು. "ಕೊನೇ ದಿನ ಹೇಳ್ತೇನೆ" ಅಂದಳು ಮಗಳು.

ಕಾಲುವೆ ಶುರುವಾದ ಕಥೆ ಮಾತ್ರ ಅವತ್ತೇ ಹೇಳಿದಳು. 1828ರ ಜುಲೈ 4. ಅಧ್ಯಕ್ಷ ಜಾನ್ ಕ್ವಿನ್ಸಿ ಆ್ಯಡಮ್ಸ್ ಗುದ್ದಲಿ ಪೂಜೆಗೆ ಬಂದರು. ಮೊದಲ ಪೆಟ್ಟಿಗೇ ಗುದ್ದಲಿ ಒಂದು ಬೇರಿಗೆ ತಾಗಿ ನಿಂತಿತು. ಮತ್ತೆ ಹೊಡೆದರು, ಆಗಲಿಲ್ಲ. ಕೊನೆಗೆ ಕೋಟು ಬಿಚ್ಚಿಟ್ಟು ಅಗೆದರು. ಜನ ಖುಷಿಯಿಂದ ಕೂಗಿದರಂತೆ. ತಮಾಷೆ ಇರುವುದು ಅದರಲ್ಲಲ್ಲ. ಅದೇ ದಿನ, ಉಡುಪಿಯಿಂದ ಮಂಗಳೂರಿಗೆ ಇರುವಷ್ಟೇ ದೂರದಲ್ಲಿ, ಬಾಲ್ಟಿಮೋರಿನಲ್ಲಿ ಇನ್ನೊಂದು ಪೂಜೆ ನಡೆದಿತ್ತು. ಅಮೆರಿಕದ ಸ್ವಾತಂತ್ರ್ಯ ಘೋಷಣೆಗೆ ಸಹಿ ಹಾಕಿದ್ದ, ತೊಂಬತ್ತು ವರ್ಷದ ಚಾರ್ಲ್ಸ್ ಕ್ಯಾರೊಲ್ ಅಲ್ಲಿ ಬಾಲ್ಟಿಮೋರ್ ಆ್ಯಂಡ್ ಒಹಾಯೊ ರೈಲು ದಾರಿಗೆ ಕಲ್ಲು ಹಾಕಿದರು. ಎರಡರ ಗುರಿಯೂ ಒಂದೇ, ಬೆಟ್ಟ ದಾಟಿ ಒಹಾಯೊ ನದಿ ಮುಟ್ಟುವುದು.

"ಹಾಗಾದರೆ ಹುಟ್ಟಿದ ದಿನವೇ ಸತ್ತ ಪ್ರಾಜೆಕ್ಟು" ಅಂದರು ನಮ್ಮವರು. "ಅಪ್ಪಟ ಎನ್‌ಪಿಎ, ವಸೂಲಾಗದ ಸಾಲ. ಯಾರು ಕೊಟ್ಟರೋ."

ಜಾರ್ಜ್‌ಟೌನಿನಲ್ಲಿ ಒಂದರ ಹಿಂದೆ ಒಂದು ನಾಲ್ಕು ಲಾಕ್‌ಗಳಿವೆ. ಲಾಕ್ ಅಂದರೆ ದೋಣಿಗೆ ಮೆಟ್ಟಿಲು. ಅಲ್ಲಿ ಕಲ್ಲಿನ ಅಂಚಿನಲ್ಲಿ ಸಾಲಾಗಿ ಗೀರುಗಳು ಕಂಡವು. ಮೊದಲು ಉಳಿ ತಾಗಿದ ಗುರುತು ಅಂದುಕೊಂಡೆ. ಬೆರಳಿಟ್ಟು ನೋಡಿದರೆ ಒಳಗೆಲ್ಲ ನುಣುಪು, ಅರೆಯುವ ಕಲ್ಲಿನ ಗುಳಿಯ ಹಾಗೆ. ನನ್ನ ಹೆಬ್ಬೆರಳು ಪೂರ್ತಿ ಅದರೊಳಗೆ ಕೂತಿತು. ಹಗ್ಗ ತಿಂದ ಗುರುತು ಅದು. ಒದ್ದೆ ಹಗ್ಗಕ್ಕೆ ಮರಳು ಅಂಟುತ್ತದೆ, ಮರಳು ಕಲ್ಲನ್ನು ಉಜ್ಜುತ್ತದೆ. ಒಂದು ದಿನದ ಕೆಲಸ ಅಲ್ಲ, ಸಾವಿರಾರು ದೋಣಿಗಳ ಕೆಲಸ. ನಾನು ಅಲ್ಲೇ ಕೂತುಬಿಟ್ಟೆ. ಇವರು ಕಾಫಿ ಹುಡುಕಿಕೊಂಡು ಹೋದರು.

ಎರಡನೇ ದಿನ: ಗ್ರೇಟ್ ಫಾಲ್ಸ್, ಮತ್ತೆ ಕರೆಂಟಿಲ್ಲದ ರಾತ್ರಿ

ಇಲ್ಲಿ ಪೊಟೋಮ್ಯಾಕ್ ಬಂಡೆಗಳ ನಡುವೆ ಬೋರ್ಗರೆದು ಬೀಳುತ್ತದೆ. ಈ ಜಲಪಾತ ತಪ್ಪಿಸುವುದಕ್ಕೇ ಮೊದಲ ಕಾಲುವೆ ಯೋಚನೆ ಹುಟ್ಟಿದ್ದು. ಯೋಚಿಸಿದ್ದು ಜಾರ್ಜ್ ವಾಷಿಂಗ್ಟನ್. 1784ರ ಮಾರ್ಚಿನಲ್ಲಿ ಟಿಪ್ಪು ಮತ್ತು ಇಂಗ್ಲಿಷರ ನಡುವೆ ಮಂಗಳೂರು ಒಪ್ಪಂದ ಆಯಿತಲ್ವಾ, ಅದರ ಮರುವರ್ಷ ವಾಷಿಂಗ್ಟನ್ ಇಲ್ಲಿ ನದಿ ಸಾಗಾಣಿಕೆಗೆ ಒಂದು ಕಂಪನಿ ಕಟ್ಟಿದರು. ಆಚೆ ದಡದಲ್ಲಿ ಆ ಕಂಪನಿಯ ಕಾಲುವೆಯ ಕಲ್ಲುಗಳು ಇನ್ನೂ ಇವೆ. ಅದೂ ಲಾಭ ಮಾಡಲಿಲ್ಲ ಅಂತ ಇವರಿಗೆ ನಾನು ಹೇಳಲಿಲ್ಲ.

ಜಲಪಾತ ಚೆನ್ನಾಗಿದೆ, ಫೋಟೋ ತೆಗೆದೆವು. ನನಗೆ ಬೇಕಾದದ್ದು ಇಪ್ಪತ್ತನೇ ನಂಬರ್ ಲಾಕು. ಹಿಂದೆ ಹೋಟೆಲಾಗಿದ್ದ ಬಿಳಿ ಕಟ್ಟಡದ ಎದುರಿಗೇ ಇದೆ. ಇದು ಹೇಗೆ ಕೆಲಸ ಮಾಡುತ್ತದೆ ಅಂತ ತಿಳಿಯಲು ನನಗೆ ಅರ್ಧ ಗಂಟೆ ಬೇಕಾಯಿತು. ತಿಳಿದ ಮೇಲೆ ಇಷ್ಟು ಸುಲಭವಾ ಅನಿಸಿತು.

ಕಲ್ಲಿನ ಒಂದು ಉದ್ದ ತೊಟ್ಟಿ. ಎರಡು ತುದಿಗೂ ಮರದ ಜೋಡಿ ಬಾಗಿಲು. ಕೆಳಗಿನಿಂದ ಬಂದ ದೋಣಿ ತೊಟ್ಟಿಯೊಳಗೆ ಬರುತ್ತದೆ, ಹಿಂದಿನ ಬಾಗಿಲು ಮುಚ್ಚುತ್ತಾರೆ. ಮೇಲಿನ ಬಾಗಿಲಿನ ಕೆಳಭಾಗದಲ್ಲಿ ಸಣ್ಣ ಕಿಂಡಿಗಳಿವೆ. ಕಬ್ಬಿಣದ ಕೋಲು ತಿರುಗಿಸಿ ಅವನ್ನು ತೆರೆದರೆ ಮೇಲಿನ ನೀರು ತೊಟ್ಟಿಗೆ ನುಗ್ಗುತ್ತದೆ. ಬಾವಿಗಿಳಿದ ಕೊಡ ತುಂಬಿದ ಹಾಗಲ್ಲ, ಬಾವಿಯೇ ತುಂಬಿ ಕೊಡವನ್ನು ಮೇಲೆ ತಂದ ಹಾಗೆ. ಎಂಟು ಅಡಿಯಷ್ಟು ಏರಿ ದೋಣಿ ಮೇಲಿನ ನೀರಿನ ಮಟ್ಟಕ್ಕೆ ಬರುತ್ತದೆ. ಆಗ ಮುಂದಿನ ಬಾಗಿಲು ತೆರೆಯುತ್ತದೆ. ಒಂದು ಪಂಪಿಲ್ಲ, ಒಂದು ಇಂಜಿನಿಲ್ಲ. ಇಂಥವು ಒಟ್ಟು 74. ಎಲ್ಲ ಸೇರಿ ದೋಣಿಯನ್ನು 605 ಅಡಿ ಎತ್ತಿ ಕಂಬರ್ಲೆಂಡ್ ಮುಟ್ಟಿಸುತ್ತಿದ್ದವು.

ಬಾಗಿಲುಗಳು ನೇರವಾಗಿ ಮುಚ್ಚುವುದಿಲ್ಲ. ಕೈ ಮುಗಿಯಲು ಎರಡು ಅಂಗೈ ಹತ್ತಿರ ಬರುತ್ತವಲ್ಲ, ಆ ಕೋನದಲ್ಲಿ ಮೇಲಿನ ನೀರಿಗೆ ಮುಖ ಮಾಡಿ ಸೇರುತ್ತವೆ. ನೀರು ತಳ್ಳಿದಷ್ಟೂ ಗಟ್ಟಿಯಾಗಿ ಕೂರುತ್ತವೆ. ಇವರು ಇದನ್ನು ನೋಡಿ ಮೊದಲ ಸಲ ತಲೆದೂಗಿದರು. "ಒತ್ತಡ ಬಂದಷ್ಟು ಬಿಗಿ. ನಮ್ಮ ಮ್ಯಾನೇಜರುಗಳು ಹೀಗಿರಬೇಕಿತ್ತು" ಅಂದರು.

ದೋಣಿಗಳು ಸುಮಾರು 92 ಅಡಿ ಉದ್ದ, ಹದಿನಾಲ್ಕೂವರೆ ಅಡಿ ಅಗಲ. ಲಾಕು 100 ಅಡಿ ಉದ್ದ, 15 ಅಡಿ ಅಗಲ. ಅಂದರೆ ಎರಡೂ ಬದಿ ಸೇರಿ ಅರ್ಧ ಅಡಿ ಜಾಗ. ನೂರು ಟನ್ನಿಗೂ ಜಾಸ್ತಿ ಕಲ್ಲಿದ್ದಲು ಹೇರಿದ ದೋಣಿಯನ್ನು ಆ ಸಂದಿಗೆ ತೂರಿಸಬೇಕು. ಬ್ರೇಕಿಲ್ಲ. ಹಗ್ಗವನ್ನು ದಡದ ಗೂಟಕ್ಕೆ ಸುತ್ತಿ ಸುತ್ತಿ ನಿಲ್ಲಿಸಬೇಕು. ಕಲ್ಲು ಸವೆಯದೆ ಇರುತ್ತದಾ?

ರಾತ್ರಿಗೆ ಮಗಳು ಒಂದು ಏರ್ಪಾಡು ಮಾಡಿದ್ದಳು. ಲಾಕ್ ಕಾಯುವವರು ಇದ್ದ ಹಳೇ ಮನೆಗಳಲ್ಲಿ ಕೆಲವನ್ನು ಈಗ ಬಾಡಿಗೆಗೆ ಕೊಡುತ್ತಾರೆ. ನಮಗೆ ಸಿಕ್ಕಿದ್ದು 22ನೇ ಲಾಕಿನ ಮನೆ. ಕರೆಂಟಿಲ್ಲ, ನಲ್ಲಿ ನೀರಿಲ್ಲ. ನಾವು ಹೊತ್ತು ತಂದದ್ದು ನೀರಿನ ಕ್ಯಾನು, ಬ್ಯಾಟರಿ ದೀಪ ಮತ್ತು ಬೆಳಿಗ್ಗೆ ಮನೆಯಲ್ಲೇ ಕಲಸಿದ ಬಜಿಲ್, ಅಂದರೆ ಅವಲಕ್ಕಿ. ದಪ್ಪ ಕಲ್ಲಿನ ಗೋಡೆ, ಸಣ್ಣ ಕಿಟಕಿ. ಒಳಗೆ ತಂಪು. ನಮ್ಮ ಹಳೇ ಮನೆಯ ಚಾವಡಿಯ ಹಾಗೆ.

ಲಾಕ್ ಕಾಯುವವನಿಗೆ ರಾತ್ರಿ ಹಗಲು ಅಂತ ಇರಲಿಲ್ಲ. ಎಷ್ಟು ಹೊತ್ತಿಗೆ ದೋಣಿಯವರು ಕೊಂಬು ಊದಿದರೂ ಎದ್ದು ಬರಬೇಕು. ಅದಕ್ಕೇ ಕಂಪನಿಯವರು ದೊಡ್ಡ ಸಂಸಾರ ಇದ್ದವರನ್ನು ಇಷ್ಟಪಡುತ್ತಿದ್ದರಂತೆ. ಒಬ್ಬನಿಗೆ ಸಂಬಳ, ಕೆಲಸಕ್ಕೆ ಹೆಂಡತಿ ಮಕ್ಕಳೆಲ್ಲ. ಇದನ್ನು ಓದಿ ನಾನು ಇವರ ಮುಖ ನೋಡಿದೆ. ವರ್ಗಾವಣೆಯ ಊರುಗಳಲ್ಲಿ ಇವರ ಗೆಳೆಯರಿಗೆಲ್ಲ ಹೊತ್ತಲ್ಲದ ಹೊತ್ತಲ್ಲಿ ಚಹಾ ಮಾಡಿದ ಲೆಕ್ಕ ನನಗೆ ಗೊತ್ತು. ಇವರು ದೀಪದ ಬ್ಯಾಟರಿ ಪರೀಕ್ಷಿಸತೊಡಗಿದರು.

ದೋಣಿಗಳಲ್ಲೂ ಸಂಸಾರವೇ. ಅಪ್ಪ ಚುಕ್ಕಾಣಿ, ಅಮ್ಮ ಅಡುಗೆ, ದೊಡ್ಡ ಮಕ್ಕಳು ಹೇಸರಗತ್ತೆಯ ಜೊತೆ ನಡಿಗೆ. ತೀರಾ ಚಿಕ್ಕ ಮಕ್ಕಳು ನೀರಿಗೆ ಬೀಳದ ಹಾಗೆ ಹಗ್ಗದಲ್ಲಿ ಕಟ್ಟಿ ಹಾಕುತ್ತಿದ್ದರು. ಆರು ಗಂಟೆ ಎಳೆದ ಹೇಸರಗತ್ತೆಗಳನ್ನು ದೋಣಿಯ ಮುಂದಿನ ಕೊಟ್ಟಿಗೆಗೆ ಹತ್ತಿಸಿ, ಅಲ್ಲಿ ಮಲಗಿದ್ದ ಜೋಡಿಯನ್ನು ಇಳಿಸುವುದು. ಪಾಳಿ ಇದ್ದದ್ದು ಹೇಸರಗತ್ತೆಗಳಿಗೆ. ಮಕ್ಕಳಿಗೆ ಇತ್ತೋ ಇಲ್ಲವೋ!

ರಾತ್ರಿ ಹನ್ನೊಂದಕ್ಕೆ ಇವರ ಬಿಪಿ ಮಾತ್ರೆ ನೆನಪಾಯಿತು. ಅದು ಕಾರಿನಲ್ಲಿ. ಕಾರು ಅಷ್ಟು ದೂರ. ಇಬ್ಬರೂ ಟಾರ್ಚ್ ಹಿಡಿದು ಟೋಪಾತಿನಲ್ಲಿ ನಡೆದೆವು. ಒಂದು ಕಡೆ ಕಾಲುವೆ, ಇನ್ನೊಂದು ಕಡೆ ಮರಗಳ ಆಚೆ ನದಿ. ಕಪ್ಪೆ ಬಿಟ್ಟರೆ ಸದ್ದಿಲ್ಲ. ಕಾಲುವೆಯ ನೀರಲ್ಲಿ ನಕ್ಷತ್ರ ಅಲುಗುತ್ತಿರಲಿಲ್ಲ. ಇವರು ನನ್ನ ಕೈ ಹಿಡಿದರು. ಹೆದರಿಕೆಗೆ ಅಂತ ನಾನು, ಗುಂಡಿ ಇತ್ತು ಅಂತ ಅವರು.

ಮೂರನೇ ದಿನ: ಕೆಂಪು ಕಲ್ಲು, ಬಿಳಿ ಕಲ್ಲು

ಬೆಳಿಗ್ಗೆ ಸೆನೆಕಾ ಎಂಬಲ್ಲಿಗೆ ಹೋದೆವು. ಕಾಲುವೆಗೆ ಅಡ್ಡವಾಗಿ ಒಂದು ಹೊಳೆ ಬಂದರೆ ಏನು ಮಾಡುವುದು? ಹೊಳೆಯ ಮೇಲೆ ಸೇತುವೆ ಕಟ್ಟಿ ಸೇತುವೆಯ ಮೇಲೆ ಕಾಲುವೆ ಹರಿಸುವುದು. ಕೆಳಗೆ ನೀರು, ಮೇಲೆ ನೀರು, ಮೇಲಿನ ನೀರಿನಲ್ಲಿ ದೋಣಿ. ಇಂಥ ನೀರ್ಸೇತುವೆಗಳು ಈ ಕಾಲುವೆಗೆ ಹನ್ನೊಂದು. ಸೆನೆಕಾದ್ದು ಕೆಂಪು ಮರಳುಗಲ್ಲಿನದು. ದೂರದಿಂದ ನೋಡಿ "ಅಯ್ಯೋ, ಮುರಕಲ್ಲು!" ಅಂದುಬಿಟ್ಟೆ. ನಮ್ಮೂರಿನ ಕೆಂಪುಕಲ್ಲು ಅಲ್ಲ ಅದು, ಆದರೆ ಗುಣ ಅದೇ. ನೆಲದಿಂದ ತೆಗೆದಾಗ ಮೆತ್ತಗೆ, ಬೇಕಾದ ಹಾಗೆ ಕೆತ್ತಬಹುದು. ಗಾಳಿಗೆ ಬಿದ್ದ ಮೇಲೆ ಗಟ್ಟಿಯಾಗುತ್ತದೆ. ನಮ್ಮಲ್ಲೂ ಕಲ್ಲು ಕಡಿಯುವವರು ಹೇಳುವುದು ಇದನ್ನೇ ಅಲ್ವಾ? ವಾಷಿಂಗ್ಟನ್ನಿನ ಸ್ಮಿತ್ಸೋನಿಯನ್ ಸಂಸ್ಥೆಯ ಕೋಟೆಯಂಥ ಕಟ್ಟಡಕ್ಕೂ ಹೋದದ್ದು ಇಲ್ಲಿನ ಕಲ್ಲೇ.

ಮಧ್ಯಾಹ್ನ ಮೊನಾಕಸಿ. ಇದು ಹನ್ನೊಂದರಲ್ಲಿ ಎಲ್ಲಕ್ಕಿಂತ ದೊಡ್ಡದು. ಏಳು ಕಮಾನು, 516 ಅಡಿ ಉದ್ದ. 1829ರಲ್ಲಿ ಶುರು, 1833ರಲ್ಲಿ ಮುಗಿಯಿತು. ಪಕ್ಕದ ಬೆಟ್ಟದ ಬಿಳಿ ಬೆಣಚುಕಲ್ಲು. ಮಧ್ಯಾಹ್ನದ ಬಿಸಿಲಿಗೆ ತೆಳು ಗುಲಾಬಿ ಛಾಯೆ ಬಂದಿತ್ತು. ಮೇಲೆ ಈಗ ನೀರಿಲ್ಲ, ಹುಲ್ಲು ಬೆಳೆದಿದೆ. ನಾವು ಕಾಲುವೆಯ ಹೊಟ್ಟೆಯೊಳಗೇ ನಡೆದೆವು.

1862ರಲ್ಲಿ, ಅಮೆರಿಕದ ಅಂತರ್ಯುದ್ಧದ ಕಾಲದಲ್ಲಿ, ದಕ್ಷಿಣದ ಸೈನ್ಯ ಇದನ್ನು ಸಿಡಿಸಲು ಬಂತು. ಸಿಡಿಮದ್ದು ತುಂಬಲು ತೂತು ಕೊರೆಯಬೇಕಲ್ಲ? ಅವರ ಉಳಿ ಮೊಂಡು, ಕಲ್ಲು ಗಟ್ಟಿ. ಬಿಟ್ಟು ಹೋದರು. ಸೈನ್ಯದಿಂದ ಆಗದ್ದು ನೀರಿನಿಂದ ಆಗುವುದರಲ್ಲಿತ್ತು. 1972ರಲ್ಲಿ ಆ್ಯಗ್ನೆಸ್ ಚಂಡಮಾರುತದ ನೆರೆಗೆ ಜಖಂ ಆಗಿ, ಆಮೇಲೆ ಎಷ್ಟೋ ವರ್ಷ ಕಬ್ಬಿಣದ ಪಟ್ಟಿಗಳ ಆಸರೆಯಲ್ಲಿ ನಿಂತಿತ್ತು. ರಿಪೇರಿ ಮುಗಿದದ್ದು 2005ರಲ್ಲಿ.

ಅಳಿಯ ಇಂಜಿನಿಯರ್. ಅವನಿಗೆ ಕಲ್ಲಿಗಿಂತ ಗಾರೆಯ ಮೇಲೆ ಕಣ್ಣು. ಸಾಮಾನ್ಯ ಸುಣ್ಣ ಗಟ್ಟಿಯಾಗಲು ಗಾಳಿ ಬೇಕು. ನೀರಿನೊಳಗೆ ಅದು ನಿಲ್ಲುವುದಿಲ್ಲ. ಅದಕ್ಕೆ ಬೇರೆ ಜಾತಿಯ ಸುಣ್ಣಕಲ್ಲು ಬೇಕು, ಜೇಡಿ ಬೆರೆತದ್ದು. ಅದನ್ನು ಸುಟ್ಟು ಪುಡಿ ಮಾಡಿದರೆ ನೀರಲ್ಲೇ ಗಟ್ಟಿಯಾಗುವ ಸಿಮೆಂಟು. ನದಿಯ ಪಕ್ಕದಲ್ಲೇ ಆ ಕಲ್ಲು ಸಿಕ್ಕಿದ್ದು ಕಾಲುವೆಯವರ ಪುಣ್ಯ. ಶೆಫರ್ಡ್ಸ್‌ಟೌನಿನ ಬಳಿ ಅದಕ್ಕಾಗಿಯೇ ಗಿರಣಿ ಹಾಕಿದರು. ನಾನು ಅವನಿಗೆ ನಮ್ಮ ಚಿಪ್ಪು ಸುಣ್ಣದ ಕಥೆ ಹೇಳಿದೆ. ಹೊಳೆಯಿಂದ ಮರುವಾಯಿ ಚಿಪ್ಪು ತಂದು, ಗೂಡಿನಲ್ಲಿ ಸುಟ್ಟು, ನೀರು ಚಿಮುಕಿಸಿದರೆ ಚಟಪಟ ಅಂತ ಅರಳುತ್ತಿತ್ತು. ಅಳಿಯ ಬೆಂಗಳೂರಿನವನು. "ಚಿಪ್ಪು ಸುಟ್ಟು ಗೋಡೆ ಬಳೀತಿದ್ರಾ ಅತ್ತೆ?" ಅಂತ ಕಣ್ಣರಳಿಸಿದ.

ಇದನ್ನೆಲ್ಲ ಕಟ್ಟಿದವರಲ್ಲಿ ಹೆಚ್ಚಿನವರು ಐರ್ಲೆಂಡಿನಿಂದ ಬಂದ ಕೂಲಿಗಳು. 1832ರಲ್ಲಿ ಕಾಲರಾ ಬಂದು ಅವರಲ್ಲಿ ತುಂಬಾ ಜನ ಸತ್ತರು. ಪ್ರತಿಮೆ ಇರುವುದು ಜಡ್ಜಿಗೆ.

ಸಂಜೆ ಹಾರ್ಪರ್ಸ್ ಫೆರಿ. ಎರಡು ನದಿ ಸೇರುವ ಚೆಂದದ ಊರು. 1859ರಲ್ಲಿ ಜಾನ್ ಬ್ರೌನ್ ಗುಲಾಮರನ್ನು ಬಿಡಿಸಲು ದಂಗೆ ಎದ್ದದ್ದು ಇಲ್ಲೇ. ನನ್ನ ಮಂಡಿ ಅಷ್ಟರಲ್ಲಿ ಮುಷ್ಕರ ಹೂಡಿತ್ತು. ಸೇತುವೆಯ ಮೇಲೆ ನಿಂತು ನೋಡಿ ಬಂದೆವು.

ನಾಲ್ಕನೇ ದಿನ: ಪಾಪಾ ಸುರಂಗ

ಈ ದಿನಕ್ಕಾಗಿ ಇಡೀ ಪ್ರವಾಸ ಮಾಡಬಹುದು.

ಪೊಟೋಮ್ಯಾಕ್ ಇಲ್ಲಿ ಹಾವಿನ ಹಾಗೆ ಸುತ್ತುತ್ತದೆ. ಆ ಸುತ್ತು ತಪ್ಪಿಸಲು ಇಂಜಿನಿಯರುಗಳು ಬೆಟ್ಟವನ್ನೇ ಕೊರೆಯೋಣ ಅಂದರು. 1836ರಲ್ಲಿ ಶುರು ಮಾಡಿದಾಗ ಎರಡು ವರ್ಷದ ಕೆಲಸ ಅಂತ ಲೆಕ್ಕ. ಹಿಡಿದದ್ದು ಹದಿನಾಲ್ಕು. ಕಲ್ಲು ಕುಸಿಯಿತು, ದುಡ್ಡು ಮುಗಿಯಿತು, ಸಂಬಳ ಸಿಗದ ಕೆಲಸಗಾರರು ಗಲಾಟೆ ಎದ್ದರು, ಕೆಲಸ ವರ್ಷಗಟ್ಟಲೆ ನಿಂತಿತು. ಅಷ್ಟರಲ್ಲಿ ರೈಲು 1842ರಲ್ಲೇ ಕಂಬರ್ಲೆಂಡ್ ಮುಟ್ಟಿಯಾಗಿತ್ತು. ಕಾಲುವೆ ಅಲ್ಲಿಗೆ ತಲುಪಿದ್ದು 1850ರಲ್ಲಿ. ಒಹಾಯೊ ನದಿಯನ್ನು ಕೊನೆಗೂ ಮುಟ್ಟಲೇ ಇಲ್ಲ. ಹೆಸರಲ್ಲಿ ಮಾತ್ರ ಒಹಾಯೊ ಉಳಿಯಿತು.

ಕಾರು ನಿಲ್ಲಿಸಿ ಅರ್ಧ ಮೈಲಿ ನಡೆದರೆ ಸುರಂಗದ ಬಾಯಿ. ಉದ್ದ 3,118 ಅಡಿ, ಒಂದು ಕಿಲೋಮೀಟರಿಗೆ ಸ್ವಲ್ಪ ಕಡಿಮೆ. ಒಳಗೆ ಪೂರ್ತಿ ಇಟ್ಟಿಗೆ, ಸುಮಾರು 60 ಲಕ್ಷ. ಮಂಗಳೂರಿನ ಕುಲಶೇಖರದ ರೈಲು ಸುರಂಗದೊಳಗೆ ಕಣ್ಣು ಮುಚ್ಚಿ ಕೂತು ಗೊತ್ತು, ಆದರೆ ಸುರಂಗವನ್ನು ನಡೆದು ದಾಟುವುದು ಬೇರೆಯೇ ಸಂಗತಿ. ಐವತ್ತು ಹೆಜ್ಜೆಗೆ ಹಿಂದಿನ ಬೆಳಕು ಕಾಲಿಗೆ ಸಿಗುವುದಿಲ್ಲ. ಮುಂದಿನ ಬೆಳಕು ಸಾಸಿವೆ ಕಾಳಿನಷ್ಟು. ಬಲಕ್ಕೆ ಗೋಡೆ, ಎಡಕ್ಕೆ ಮರದ ಕೈಕಂಬಿ, ಅದರ ಕೆಳಗೆ ಕಪ್ಪು ನೀರು. ಮೇಲಿಂದ ತೊಟ್ಟು ತೊಟ್ಟು ಬೀಳುತ್ತದೆ. ನಾಲ್ಕು ಜನ ಮಾತಾಡಿದರೆ ನಲ್ವತ್ತು ಜನ ಮಾತಾಡಿದ ಹಾಗೆ.

ಅರ್ಧ ದಾರಿಯಲ್ಲಿ ನನ್ನ ಫೋನಿನ ಚಾರ್ಜ್ ಮುಗಿದು ಟಾರ್ಚ್ ಆರಿತು. ಬೆಳಿಗ್ಗೆಯಿಂದ ಇಟ್ಟಿಗೆ ಫೋಟೋ ತೆಗೆದದ್ದರ ಫಲ. ಉಳಿದವರು ಮುಂದೆ ಹೋಗಿದ್ದರು. ಕೈಕಂಬಿ ಹಿಡಿದು ಮೆಲ್ಲ ನಡೆದೆ. ಹಾಗೆ ನಡೆದದ್ದೇ ಒಳ್ಳೆಯದಾಯಿತು. ಕಣ್ಣಿಗೆ ಕಾಣದ್ದು ಕೈಗೆ ಸಿಕ್ಕಿತು. ಮರದಲ್ಲಿ ಗೀರು. ಒಂದಲ್ಲ, ಹೆಜ್ಜೆಗೊಂದು. ಕೆಲವು ಕಿರುಬೆರಳಿನಷ್ಟು, ಕೆಲವು ಆಳ. ಎಲ್ಲ ಓರೆಯಾಗಿ, ಒಂದೇ ದಿಕ್ಕಿಗೆ ವಾಲಿದವು. ದಾರಿಯಲ್ಲಿ ಹೇಸರಗತ್ತೆ, ನೀರಲ್ಲಿ ದೋಣಿ, ನಡುವೆ ಈ ಕಂಬಿ. ಹಗ್ಗ ಇದರ ಮೇಲೆ ಉಜ್ಜಿಕೊಂಡೇ ಹೋಗಬೇಕು. ಕತ್ತಲಲ್ಲಿ ಆ ಹೇಸರಗತ್ತೆಯ ಪಕ್ಕ ಹತ್ತು ವರ್ಷದ ಹುಡುಗನೊಬ್ಬ ನಡೆದಿರಬಹುದು. ಅವನೂ ಹೀಗೇ ಕಂಬಿ ಸವರುತ್ತ ಹೋಗಿರಬಹುದು. ಅಜ್ಜನ ಅಂಗೈ ನೆನಪಾಯಿತು. ಗಳ ಅವರ ಕೈ ತಿಂದಿತ್ತು, ಅವರ ಕೈ ಗಳವನ್ನು ತಿಂದಿತ್ತು. ಮನೆಯಲ್ಲಿ ಆ ಗಳ ಬಹಳ ಕಾಲ ಬಟ್ಟೆ ಒಣಗಿಸಲು ಇತ್ತು. ಹಿಡಿಯುವ ಜಾಗ ಮಾತ್ರ ಹೊಳೆಯುತ್ತಿತ್ತು. ಯಾವಾಗ ಎಸೆದೆವೋ ನೆನಪಿಲ್ಲ.

ಸುರಂಗದೊಳಗೆ ಒಂದೇ ದೋಣಿಗೆ ಜಾಗ. ಎದುರುಬದುರಾದರೆ ಒಬ್ಬರು ಹಿಂದೆ ಸರಿಯಬೇಕು. ಒಮ್ಮೆ ಇಬ್ಬರು ದೋಣಿಯವರು ನಾನು ಸರಿಯುವುದಿಲ್ಲ ಅಂತ ಹಟ ಹಿಡಿದು ದಿನಗಟ್ಟಲೆ ಕೂತರಂತೆ. ಎರಡೂ ಕಡೆ ದೋಣಿಗಳ ಸಾಲು. ಕೊನೆಗೆ ಕಾಲುವೆಯ ಮೇಲ್ವಿಚಾರಕ ಹಸಿ ಜೋಳದ ದಂಟಿಗೆ ಬೆಂಕಿ ಹಾಕಿ, ಹೊಗೆ ಹಾಯಿಸಿ ಅವರನ್ನು ಓಡಿಸಿದನಂತೆ. ಅಲ್ಲಿನವರು ಹೇಳುವ ಕಥೆ. "ನಮ್ಮ ಮಂಗಳೂರಿನ ಸ್ಟೇಟ್‌ಬ್ಯಾಂಕ್ ಸ್ಟಾಪಿಗೆ ಹೋಗುವ ಸಿಟಿ ಬಸ್ಸಿನವರು" ಅಂದರು ಇವರು. ನಕ್ಕ ನಗು ಸುರಂಗದಲ್ಲಿ ಎರಡು ಸಲ ಕೇಳಿಸಿತು.

ಪಾಪಾ ಅನ್ನುವುದು ಒಂದು ಹಣ್ಣಿನ ಹೆಸರು. ನಮ್ಮ ಪಪ್ಪಾಯಿ ಅಲ್ಲ, ಸೀತಾಫಲದ ಜಾತಿ. ಸುರಂಗದಾಚೆ ಕಾಡಿನಲ್ಲಿ ಆ ಮರಗಳಿದ್ದವು. ದಾರಿಯಲ್ಲಿ ಬಿದ್ದಿದ್ದ ಒಂದು ಹಣ್ಣನ್ನು ಮಗಳು ಒಡೆದು ಕೊಟ್ಟಳು. ಬೆಣ್ಣೆಯಂಥ ಹಳದಿ ತಿರುಳು, ಕಪ್ಪು ಬೀಜ. ಸೀತಾಫಲಕ್ಕೆ ಬಾಳೆಹಣ್ಣು ಕಿವುಚಿದ ಹಾಗಿನ ರುಚಿ. ಬೀಜ ತೊಳೆದು ಕರವಸ್ತ್ರದಲ್ಲಿ ಕಟ್ಟಿದೆ. ವಿಮಾನದಲ್ಲಿ ತರುವ ಹಾಗಿಲ್ಲ ಅಂತ ಮಗಳು ಕಸಿದುಕೊಂಡಳು.

ಐದನೇ ದಿನ: ಕಂಬರ್ಲೆಂಡ್

ಕಾಲುವೆಯ ತುದಿಯಲ್ಲಿ ನೋಡಲು ಹೆಚ್ಚೇನಿಲ್ಲ. ಹಳೇ ದೋಣಿಯ ಒಂದು ಪ್ರತಿರೂಪ, ಒಂದು ರೈಲು ನಿಲ್ದಾಣ. ಪ್ರವಾಸಿಗರನ್ನು ಸುತ್ತಾಡಿಸುವ ಹಳೇ ಕಾಲದ ರೈಲು ಅಲ್ಲಿಂದ ಹೊರಡುತ್ತದೆ. ಕಾಲುವೆಯನ್ನು ಸೋಲಿಸಿದ ರೈಲೂ ಈಗ ಅದರ ಪಕ್ಕದಲ್ಲೇ ಕೂತು ಟಿಕೆಟ್ ಮಾರುತ್ತಿದೆ.

ಕಟ್ಟೆಯ ಮೇಲೆ ಕೂತು ಮಗಳು ಜಡ್ಜಿನ ಕಥೆ ಹೇಳಿದಳು.

1889ರ ನೆರೆ ಕಾಲುವೆಯ ಸೊಂಟ ಮುರಿಯಿತು. ಕಂಪನಿ ದಿವಾಳಿ. ಸಾಲ ಕೊಟ್ಟವರಲ್ಲಿ ದೊಡ್ಡವರು ಯಾರು ಅಂತೀರಿ? ಅದೇ ರೈಲು ಕಂಪನಿ! ಅವರೇ ಕಾಲುವೆಯನ್ನು ವಶಕ್ಕೆ ತೆಗೆದುಕೊಂಡು ಹೇಗೋ ನಡೆಸಿದರು. 1924ರಲ್ಲಿ ಮತ್ತೆ ನೆರೆ. ಅದಕ್ಕೆ ಹಿಂದಿನ ವರ್ಷವೇ ನಮ್ಮ ನೇತ್ರಾವತಿಯಲ್ಲಿ 23ರ ನೆರೆ ಬಂದಿತ್ತು. ಬಂಟ್ವಾಳ, ಪಾಣೆಮಂಗಳೂರಿನ ಹಿರಿಯರು ಅದರ ಕಥೆ ಹೇಳಿ ಹೇಳಿ ನಮ್ಮನ್ನು ಬೆಳೆಸಿದ್ದಾರೆ. ಪೊಟೋಮ್ಯಾಕಿನ ನೆರೆ ಇಳಿದ ಮೇಲೆ ರಿಪೇರಿಗೆ ಯಾರೂ ಕೈ ಹಾಕಲಿಲ್ಲ. 1938ರಲ್ಲಿ ರೈಲು ಕಂಪನಿ 20 ಲಕ್ಷ ಡಾಲರಿಗೆ ಕಾಲುವೆಯನ್ನು ಸರ್ಕಾರಕ್ಕೆ ಮಾರಿತು.

"ತಡಿ" ಅಂತ ಇವರು ಫೋನು ತೆಗೆದರು. "ಕಿಲೋಮೀಟರಿಗೆ ಏಳು ಸಾವಿರ ಡಾಲರ್ ಕೂಡ ಬೀಳಲಿಲ್ಲ. ರೈಟ್‌ಆಫ್ ಬೆಲೆ, ಲೆಕ್ಕದಿಂದ ಕೈಬಿಟ್ಟ ಸಾಲದ ಹಾಗೆ."

ಕಾಲುವೆಯ ಮೇಲೆ ರಸ್ತೆ ಮಾಡುವ ಯೋಜನೆ ಬಂತು. 1954ರ ಜನವರಿಯಲ್ಲಿ ವಾಷಿಂಗ್ಟನ್ ಪೋಸ್ಟ್ ಪತ್ರಿಕೆ ರಸ್ತೆ ಆಗಲಿ ಅಂತ ಸಂಪಾದಕೀಯ ಬರೆಯಿತು. ಡಗ್ಲಸ್ ಆ ಪತ್ರಿಕೆಗೆ ಕಾಗದ ಬರೆದರು. ಬನ್ನಿ, ನನ್ನ ಜೊತೆ ಕಾಲುವೆಯ ಉದ್ದಕ್ಕೂ ನಡೆಯಿರಿ, ಆಮೇಲೆ ಹೇಳಿ ಅಂತ. ಸಂಪಾದಕರು ಒಪ್ಪಿದರು. ಮಾರ್ಚ್ 20ಕ್ಕೆ ಈ ಕಂಬರ್ಲೆಂಡಿನಿಂದಲೇ ಹೊರಟರು. ದಾರಿಯಲ್ಲಿ ಹಲವರು ಸೇರಿಕೊಂಡರು, ಹಲವರು ಬಿಟ್ಟರು. ಎಂಟು ದಿನ. ಪೂರ್ತಿ ನಡೆದವರು ಡಗ್ಲಸ್ ಸೇರಿ ಒಂಬತ್ತೇ ಜನ. ಪತ್ರಿಕೆಯವರಿಗೆ ಕಾಲಲ್ಲಿ ಬೊಬ್ಬೆ ಬಂತು, ಆದರೆ ಅಭಿಪ್ರಾಯ ಬದಲಾಯಿತು. ರಸ್ತೆ ಬರಲಿಲ್ಲ. 1971ರಲ್ಲಿ ಕಾಲುವೆ ರಾಷ್ಟ್ರೀಯ ಐತಿಹಾಸಿಕ ಉದ್ಯಾನವಾಯಿತು.

ಇವರು ಸ್ವಲ್ಪ ಹೊತ್ತು ಸುಮ್ಮನಿದ್ದರು. "ದಿನಕ್ಕೆ ಎಷ್ಟು ನಡೆದ ಹಾಗಾಯ್ತು?"

"ಇಪ್ಪತ್ತಮೂರು ಮೈಲಿ" ಅಂದ ಅಳಿಯ.

"ಜಡ್ಜಿಗೆ ಎಷ್ಟು ವಯಸ್ಸು?"

"ಐವತ್ತೈದು."

"ಹ್ಞಾ" ಅಂದರು. ನಮ್ಮವರಿಗೆ ಅರವತ್ತಾರು. ಶೂ ಲೇಸು ಬಿಗಿದುಕೊಂಡು, "ಕಾರು ಮುಂದೆ ತನ್ನಿ, ನಾನು ಒಂದು ಮೈಲಿ ನಡೆದು ಬರ್ತೇನೆ" ಅಂತ ಟೋಪಾತಿಗೆ ಇಳಿದೇ ಬಿಟ್ಟರು. ಮೈಲಿಕಲ್ಲು ತಪ್ಪಿ ಹೋಗಿ ಎರಡು ಮೈಲಿ ನಡೆದರು. ರಾತ್ರಿ ಬಿಸಿನೀರಲ್ಲಿ ಕಾಲಿಟ್ಟು ಕೂತವರು ಎನ್‌ಪಿಎ ಸುದ್ದಿ ಎತ್ತಲಿಲ್ಲ.

ಊರಿಗೆ ಬಂದ ಮೇಲೆ

ಬಂದ ವಾರವೇ ಒಂದು ಬೆಳಿಗ್ಗೆ ನಾನೊಬ್ಬಳೇ ಬಂದರಿಗೆ ಹೋದೆ. ಮೀನು ತರಲು ಅಂತ ಹೇಳಿ ಹೊರಟದ್ದು. 1907ರಲ್ಲಿ ರೈಲು ಬಂತು, 1974ರಲ್ಲಿ ಪಣಂಬೂರಿನಲ್ಲಿ ಹೊಸ ಬಂದರು ಬಂತು. ಹಳೇ ದಕ್ಕೆಗೆ, ಅಂದರೆ ದೋಣಿ ಕಟ್ಟುವ ಕಟ್ಟೆಗೆ, ಉಳಿದದ್ದು ಮೀನಿನ ಬೋಟುಗಳು ಮತ್ತು ಲಕ್ಷದ್ವೀಪಕ್ಕೆ ಸಾಮಾನು ಒಯ್ಯುವ ಮಂಜಿ ಹಡಗುಗಳು. ಅವತ್ತು ಒಂದು ಮಂಜಿಗೆ ಜಲ್ಲಿ, ಈರುಳ್ಳಿ ಮೂಟೆ, ಒಂದು ಫ್ರಿಜ್ಜು, ನಾಲ್ಕು ಆಡು ಹತ್ತಿಸುತ್ತಿದ್ದರು. ಆಡುಗಳು ಹತ್ತಲು ಒಪ್ಪುತ್ತಿರಲಿಲ್ಲ.

ನನ್ನ ಕಣ್ಣು ದಕ್ಕೆಯ ಅಂಚಿನಲ್ಲಿತ್ತು. ಕಾಂಕ್ರೀಟು, ಎಣ್ಣೆ, ಮೀನಿನ ಪೊರೆ. ಕೊನೆಗೆ ಹಳೇ ಮೆಟ್ಟಿಲಿನ ಪಕ್ಕ ಒಂದು ಕಪ್ಪು ಕಲ್ಲು ಸಿಕ್ಕಿತು. ಕೊಡೆ ಪಕ್ಕಕ್ಕಿಟ್ಟು, ಸೀರೆ ಸೆರಗು ಸಿಕ್ಕಿಸಿ, ಕೂತು ಮೂಲೆ ಸವರಿದೆ. ಪಾಚಿ ಜಾರಿತು. ಅದರಡಿಯಲ್ಲಿ ಬೆರಳು ಒಂದು ತಗ್ಗಿಗೆ ಇಳಿಯಿತು. ನುಣುಪು. ಅದರ ಪಕ್ಕ ಇನ್ನೊಂದು.

ಮಂಜಿಯ ಮೇಲಿದ್ದ ಹುಡುಗನೊಬ್ಬ ಆಡಿನ ಹಗ್ಗ ಹಿಡಿದುಕೊಂಡೇ ಬಗ್ಗಿ ನೋಡಿದ.

"ಎಂತ ಬಿದ್ದದ್ದು ಅಕ್ಕಾ? ಉಂಗುರವಾ?"

"ಇಲ್ಲ ಮಾರಾಯ. ಹಗ್ಗ ತಾಗಿದ ಗುರುತು ಉಂಟಾ ಅಂತ ನೋಡ್ತಾ ಇದ್ದೇನೆ."

ಅವನು ಒಂದು ಗಳಿಗೆ ಯೋಚಿಸಿದ. ಆಮೇಲೆ ಕೈಯಲ್ಲಿದ್ದ ಹಗ್ಗವನ್ನು ಇನ್ನೊಬ್ಬನಿಗೆ ಕೊಟ್ಟು, ಎರಡೂ ಅಂಗೈ ಬಿಡಿಸಿ ನನ್ನ ಕಡೆ ತೋರಿಸಿದ. "ಇದು ಆಗ್ತದಾ?"